ಕೂಡದೆ ಬಂದ ಉತ್ತರ

ನಮ್ಮ ಸೋದರತ್ತೆ ಹಂಪಮ್ಮ ಯಾದಗಿರಿಯಲ್ಲಿ ಸಣ್ಣ ಹುಡುಗಿಯರಿಗೆ ಲೆಕ್ಕ ಕಲಿಸುತ್ತಿದ್ದಳು. ಅವಳ ಕೈಯಲ್ಲಿ ಕಲಿತವರು ಸಿಕ್ಕಾಗ ಇವತ್ತಿಗೂ ಅವಳ ತಕ್ಕಡಿಯ ಮಾತು ತೆಗೆಯುತ್ತಾರೆ. "ಅಕ್ಕೋರು ಒಮ್ಮಿಯೂ ಕೋಲು ಹಿಡೀಲಿಲ್ಲ ನೋಡು" ಎನ್ನುತ್ತಾರೆ. ಅದು ಅವರು ಕಂಡ ಕಾಲದ ಮಾತು. ಅದಕ್ಕೂ ಮೊದಲು ಅತ್ತೆಯ ಮೇಜಿನ ಮೇಲೆ ಬೇವಿನ ಕೋಲೊಂದು ಯಾವಾಗಲೂ ಇರುತ್ತಿತ್ತು. ಅದು ಹೋದದ್ದು ಹೇಗೆಂದು ನನಗೆ ಗೊತ್ತು. ಅದರಲ್ಲಿ ನನ್ನ ತಪ್ಪೂ ಸೇರಿದೆ.

ಅತ್ತೆ ಹುಟ್ಟಿ ಬೆಳೆದದ್ದು ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ. ಅಜ್ಜನದು ಕಾಳಿನ ಅಂಗಡಿ. ಹೆಣ್ಣುಮಗಳೆಂದು ಅಜ್ಜ ಅವಳನ್ನು ದೂರ ಇಡಲಿಲ್ಲ; ತಕ್ಕಡಿಯ ಪಕ್ಕದಲ್ಲಿ ಕೂರಿಸಿಕೊಂಡು ತೂಕದ ಕಲ್ಲುಗಳನ್ನು ಆಡಲು ಕೊಡುತ್ತಿದ್ದ. ಓಣಿಯ ಐನೋರ ಮಠದಲ್ಲಿ ಅಕ್ಷರ, ಮಗ್ಗಿ ಕಲಿತಳು. ಹನ್ನೆರಡಕ್ಕೆ ಶಹಾಪುರಕ್ಕೆ ಕೊಟ್ಟರು. ಹದಿನಾರಕ್ಕೆ ಗಂಡ ಪ್ಲೇಗಿನಲ್ಲಿ ಹೋದ. ಯಾದಗಿರಿಯ ಗಂಜಿನಲ್ಲಿ, ಎಂದರೆ ಕಾಳಿನ ಪೇಟೆಯಲ್ಲಿ, ಅಂಗಡಿ ಹಾಕಿದ್ದ ನನ್ನ ಅಪ್ಪ ನೀಲಕಂಠ ತಂಗಿಯನ್ನು ತನ್ನ ಮನೆಗೆ ಕರೆತಂದ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅತ್ತೆ ಜೋಳ ಹಸನು ಮಾಡುತ್ತ, ನಮ್ಮನ್ನು ಎತ್ತಿ ಆಡಿಸುತ್ತ ಹತ್ತು ವರ್ಷ ಕಳೆದಳು. ಅವಳ ಬಾಳು ಇಷ್ಟೇ ಎಂದು ಎಲ್ಲರೂ ತಿಳಿದಿದ್ದರು. ಅವಳೂ ಹಾಗೇ ತಿಳಿದಿದ್ದಳು.

ನಿಜಾಮರ ಫಸಲಿ ೧೩೪೯ರಲ್ಲಿ, ಎಂದರೆ ೧೯೪೦ರ ಸುಮಾರಿಗೆ, ಕಲಬುರ್ಗಿಯಿಂದ ಶರೀಫಾಬೀ ಎಂಬವರು ಹೆಣ್ಣುಮಕ್ಕಳ ಶಾಲೆ ನಡೆಸಲು ಯಾದಗಿರಿಗೆ ಬಂದರು. ಕಲಿಸುವವರೆಂದು ಊರಿನವರು ಅವರನ್ನು ಉಸ್ತಾನಿಬೀ ಎಂದು ಕರೆಯುತ್ತಿದ್ದರು. ಒಂದು ದಿನ ಅವರು ನಮ್ಮ ಅಂಗಡಿಗೆ ಬಂದು ಹದಿಮೂರು ಸೇರು ಜೋಳ ಕೇಳಿದರು. ಅವತ್ತು ಒಂದು ಸೇರಿನ ಕಲ್ಲು ಎಲ್ಲೋ ಕಳೆದಿತ್ತು. ಅಪ್ಪನ ಮುಂದೆ ಇದ್ದದ್ದು ಹತ್ತು, ಐದು ಮತ್ತು ಎರಡು ಸೇರಿನ ಕಲ್ಲುಗಳು. ಅಪ್ಪ ಹತ್ತನ್ನು ಇಟ್ಟ, ಎರಡನ್ನು ಇಟ್ಟ, ನಿಂತ.

ಒಳಬಾಗಿಲ ಹಿಂದಿನಿಂದ ಅತ್ತೆ ಹೇಳಿದಳು: "ಹತ್ತು, ಐದು ಒಂದ್ಕಡಿ ಇಡಣ್ಣ. ಎರಡು ಸೇರಿಂದು ಜ್ವಾಳದ ಕಡಿ ಇಡು."

ಅಪ್ಪ ಹಾಗೆ ಮಾಡಿದ. ಉಸ್ತಾನಿಬೀ ಬಾಗಿಲ ಕಡೆ ನೋಡಿದರು. "ಹಂಗ ಹೇಳ್ದೋರು ಯಾರು?"

"ನಮ್ಮ ತಂಗಿ ಅದಾಳ್ರಿ."

"ಓದಾಕ ಬರತದೇನು?"

"ಕನ್ನಡ ಬರತದರಿ. ಮಗ್ಗಿ ಎಲ್ಲಾ ಬರತಾವ."

ಎರಡು ದಿನ ಬಿಟ್ಟು ಉಸ್ತಾನಿಬೀ ಮತ್ತೆ ಬಂದರು. ಈ ಸಲ ಜೋಳಕ್ಕಲ್ಲ. ಶಾಲೆಯ ಪುಸ್ತಕ ಉರ್ದುವಿನಲ್ಲಿತ್ತು, ಹುಡುಗಿಯರ ಮಾತು ಕನ್ನಡ. ಲೆಕ್ಕವನ್ನು ಮಕ್ಕಳ ಮಾತಿನಲ್ಲಿ ತಿಳಿಸಿ ಹೇಳುವ ಒಬ್ಬ ಹೆಂಗಸು ಬೇಕಿತ್ತು.

"ಗಂಡ ಸತ್ತಾಕಿ, ದಿನಾ ಬೀದ್ಯಾಗ ಹೋಗಿ ಬಂದ್ರ ಮಂದಿ ಏನಂತಾರ್ರಿ" ಎಂದ ಅಪ್ಪ.

"ಮಂದಿ ಬಂದು ಲೆಕ್ಕ ಕಲಸಂಗಿಲ್ಲ ನೀಲಕಂಠಪ್ಪ. ಈಕಿ ಕಲಸ್ತಾಳ" ಎಂದರು ಉಸ್ತಾನಿಬೀ.

ಅಪ್ಪ ಎಂಟು ದಿನ ಹೂಂ ಅನ್ನಲಿಲ್ಲ. ಒಂಬತ್ತನೆಯ ದಿನ ಅತ್ತೆ ತಲೆಯ ತುಂಬ ಸೆರಗು ಹೊದ್ದು, ನನ್ನ ಕೈ ಹಿಡಿದುಕೊಂಡು ಶಾಲೆಗೆ ಹೊರಟಳು. ನನಗಾಗ ಎಂಟು ವರ್ಷ; ಮನೆಯಲ್ಲಿ ನನ್ನನ್ನು ಅನ್ನಿ ಎಂದು ಕರೆಯುತ್ತಿದ್ದರು.

ಶಾಲೆಯೆಂದರೆ ಸ್ಟೇಷನ್ ರಸ್ತೆಯ ಒಂದು ಬಾಡಿಗೆ ಮನೆ. ಎರಡು ಕೋಣೆ, ಒಂದು ಅಂಗಳ, ಅಂಗಳದಲ್ಲಿ ಬೇವಿನ ಗಿಡ. ಮೂವತ್ತು ಹುಡುಗಿಯರು. ಅತ್ತೆ ತಾನು ಕಲಿತಂತೆಯೇ ಕಲಿಸಿದಳು: ಮಗ್ಗಿ ಹೇಳಿಸುವುದು, ಹಲಗೆಯ ಮೇಲೆ ಲೆಕ್ಕ ಹಾಕುವುದು, ತಪ್ಪಿದವರಿಗೆ ಕೋಲಿನಿಂದ ಒಂದೇಟು. ವರ್ಷ ತುಂಬುವಷ್ಟರಲ್ಲಿ ನಾವು ಕೂಡುವುದು ಕಳೆಯುವುದನ್ನು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದೆವು.

ಒಂದು ದಿನ ಅವಳು ಹಲಗೆಯ ಮೇಲೆ ಒಂದು ಖಾಲಿ ಚೌಕ ಬರೆದಳು. ಅದರ ಮುಂದೆ ಕೂಡುವ ಗುರುತು, ಮೂರು. ಆಮೇಲೆ ಸಮದ ಎರಡು ಗೆರೆ, ಎಂಟು. ಖಾಲಿ ಮನೆಯಲ್ಲಿ ಏನಿರಬೇಕು ಎಂದು ಕೇಳಿದಳು. ಮೂರನೇ ಜಮಾತಿನ, ಎಂದರೆ ಮೂರನೇ ತರಗತಿಯ, ನಾವು ಹದಿಮೂರು ಮಂದಿಯಲ್ಲಿ ಹನ್ನೊಂದು ಮಂದಿ ಹನ್ನೊಂದೆಂದು ಬರೆದೆವು. ಕಂಡ ಎರಡು ಅಂಕಿಗಳನ್ನು ಕೂಡಿದ್ದೆವು, ಅಷ್ಟೇ.

ಅತ್ತೆಗೆ ಸಿಟ್ಟು ಬರಲಿಲ್ಲ, ಅಂಜಿಕೆಯಾಯಿತು. ಸಮದ ಗೆರೆಗಳ ಮೇಲೆ ಬೆರಳಿಟ್ಟು ಕೇಳಿದಳು: "ಇವೆರಡು ಗೆರಿ ಅಂದ್ರ ಏನು?"

ಮುಂದೆ ಕೂತ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: "ಉತ್ರ ಬರೀರಿ ಅಂತ್ರಿ."

ಅವತ್ತು ಮನೆಗೆ ಬಂದವಳು ಊಟ ಮಾಡದೆ ಅಂಗಡಿಯ ತಕ್ಕಡಿಯ ಮುಂದೆ ಕೂತಳು. ಒಂದು ವರ್ಷ ಕಲಿಸಿದ ಮೇಲೂ ಮಕ್ಕಳಿಗೆ ಆ ಗೆರೆಗಳ ಅರ್ಥ ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ ಎಂದು ತಿಳಿದಿರಲಿಲ್ಲ. ತಾನೂ ಒಮ್ಮೆಯೂ ಹೇಳಿರಲಿಲ್ಲ. ಮರುದಿನ ಅಪ್ಪನನ್ನು ಕೇಳಿ ಒಂದು ಹಳೆಯ ಸಣ್ಣ ತಕ್ಕಡಿ ತಂದು ಬೇವಿನ ಟೊಂಗೆಗೆ ಕಟ್ಟಿದಳು. ಒಂದು ಅರಿವೆಯ ಚೀಲದೊಳಗೆ ನಮಗೆ ಕಾಣದಂತೆ ಹುಣಸೆ ಬೀಜ ಹಾಕಿ ಬಾಯಿ ಕಟ್ಟಿ ಒಂದು ತಟ್ಟೆಯಲ್ಲಿ ಇಟ್ಟಳು. ಅದರ ಪಕ್ಕ ಬಿಡಿ ಬೀಜ ಮೂರು. ಇನ್ನೊಂದು ತಟ್ಟೆಯಲ್ಲಿ ಎಂಟು. ತಕ್ಕಡಿ ಸಮ ನಿಲ್ಲಲಿಲ್ಲ, ಚೀಲದ ಕಡೆ ವಾಲಿತು.

ಆಗ ನನ್ನ ಪಕ್ಕದಲ್ಲಿ ಕೂತಿದ್ದ ಸಾಯಬಮ್ಮ ಮೆಲ್ಲಗೆ ಹೇಳಿದಳು: "ಚೀಲಕ್ಕೂ ತೂಕ ಇರತದಲ್ರಿ. ಆ ಕಡಿ ಒಂದು ಖಾಲಿ ಚೀಲ ಹಾಕ್ರಿ."

ಸಾಯಬಮ್ಮ ಭೀಮಾ ನದಿಯ ದಂಡೆಯ ಹುಡುಗಿ. ಅವಳ ಅಪ್ಪ ಮಾನಪ್ಪ ಶಹಾಪುರದ ದಾರಿಯವರನ್ನು ತೆಪ್ಪದಲ್ಲಿ ಆಚೆಗೆ ದಾಟಿಸುತ್ತಿದ್ದ, ಉಳಿದ ಹೊತ್ತು ಬಲೆ ಬೀಸುತ್ತಿದ್ದ. ಉಸ್ತಾನಿಬೀ ನಾಲ್ಕು ಸಲ ಅವರ ಗುಡಿಸಲಿಗೆ ನಡೆದು ಹೋಗಿ ಅವಳನ್ನು ಶಾಲೆಗೆ ಕರೆತಂದಿದ್ದರು. ಅವಳದು ಮಾತು ಕಡಿಮೆ. ಮೈಗೆ ಮೀನಿನ ವಾಸನೆ ಎಂದು ಉಳಿದವರು ಅವಳ ಪಕ್ಕ ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ. ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಪಾಟಿಯ ಮೇಲಿನ ಲೆಕ್ಕ ಯಾವಾಗಲೂ ಸರಿಯಿರುತ್ತಿತ್ತು, ನಾನು ಅದನ್ನು ನೋಡಿ ಬರೆಯುತ್ತಿದ್ದೆ.

ಖಾಲಿ ಚೀಲ ಹಾಕಿದರೂ ತಕ್ಕಡಿ ಸಮ ಬರಲಿಲ್ಲ. ಹುಣಸೆ ಬೀಜ ಒಂದರಂತೆ ಒಂದು ಇರುವುದಿಲ್ಲ. ಮರುದಿನ ಸಾಯಬಮ್ಮ ಉಡಿಯಲ್ಲಿ ಕಟ್ಟಿಕೊಂಡು ಸುಟ್ಟ ಮಣ್ಣಿನ ಗುಂಡುಗಳನ್ನು ತಂದಳು. ಬಲೆ ನೀರಿನಲ್ಲಿ ಮುಳುಗಲಿ ಎಂದು ಅಂಚಿಗೆ ಕಟ್ಟುವ ಗುಂಡುಗಳು. ಒಂದು ಭಾರ ಒಂದು ಹಗುರ ಆದರೆ ಬಲೆ ಸೊಟ್ಟ ಬೀಳುತ್ತದೆ, ಅದಕ್ಕೆ ಅವಳ ಅವ್ವ ಎಲ್ಲವನ್ನೂ ಸಮನಾಗಿ ಉಂಡೆ ಮಾಡುತ್ತಿದ್ದಳು. ಆ ಗುಂಡುಗಳು ಬಂದ ಮೇಲೆ ತಕ್ಕಡಿ ನಿಂತಿತು. ಎರಡೂ ಕಡೆಯಿಂದ ಮೂರು ಮೂರು ಗುಂಡು ತೆಗೆದರೂ ಸಮವಾಗಿಯೇ ನಿಂತಿತು. ಒಂದು ಕಡೆ ಚೀಲ, ಇನ್ನೊಂದು ಕಡೆ ಐದು. ನಾವೆಲ್ಲ ಸುತ್ತ ಸೇರಿ ನೋಡಿದೆವು. ಚೀಲ ಬಿಚ್ಚಿದಾಗ ಒಳಗೆ ಐದೇ ಇದ್ದವು.

ಮೂರು ತಿಂಗಳು ಅಂಗಳದಲ್ಲಿ ಇದೇ ನಡೆಯಿತು. ಆಮೇಲೆ ತಕ್ಕಡಿ ಬಿಟ್ಟು ಹಲಗೆಗೆ ಬಂದೆವು. ಅತ್ತೆಯ ಕಟ್ಟುನಿಟ್ಟು ಒಂದೇ: ಉತ್ತರ ಹೇಗೆ ಬಂತೆಂದು ಪಾಟಿಯ ಮೇಲೆ ಕೂಡಿ ಕಳೆದು ಬರೆದು ತೋರಿಸಬೇಕು. ಬರೀ ಉತ್ತರ ಬರೆದವರು ಕದ್ದವರು.

ಅಷ್ಟರಲ್ಲಿ ತನಿಖೆಯ ಸುದ್ದಿ ಬಂತು. ಕಲಬುರ್ಗಿಯಿಂದ ಬಾಯಿಸಾಹೇಬರು, ಎಂದರೆ ತನಿಖೆಯ ಹೆಣ್ಣು ಅಧಿಕಾರಿ, ಬಂದು ಶಾಲೆ ನೋಡುವವರಿದ್ದರು. ಅತ್ತೆಯ ನೌಕರಿ ಕಾಯಂ ಆಗಿರಲಿಲ್ಲ, ಕೈಯಲ್ಲಿ ಸರ್ಟಿಫಿಕೇಟು ಇರಲಿಲ್ಲ. ಬಾಯಿಸಾಹೇಬರು ಬೇಡವೆಂದರೆ ಮತ್ತೆ ಜೋಳ ಹಸನು ಮಾಡುವ ಮೂಲೆಯೇ ಗತಿ. ಆ ವಾರವೆಲ್ಲ ಅವಳ ಮುಖ ಬಿಗಿದೇ ಇತ್ತು.

ತನಿಖೆಗೆ ಮೂರು ದಿನ ಇರುವಾಗ ಹಲಗೆಯ ಮೇಲೆ ಹೊಸ ತರಹದ ಲೆಕ್ಕ ಹಾಕಿದಳು. ಹದಿನಾಲ್ಕಕ್ಕೆ ಹತ್ತೊಂಬತ್ತು ಕೂಡಿದರೆ ಎಷ್ಟೋ, ಖಾಲಿ ಮನೆಗೆ ಹದಿನೆಂಟು ಕೂಡಿದರೂ ಅಷ್ಟೇ. ಖಾಲಿ ಮನೆಯಲ್ಲಿ ಎಷ್ಟು?

ನಾನು ಇನ್ನೂ ಹಲಗೆ ಓದುತ್ತಿದ್ದೆ. ಸಾಯಬಮ್ಮ ಪಾಟಿಯ ನಡುವೆ ಹದಿನೈದೆಂದು ಬರೆದು ಬಳಪ ಕೆಳಗಿಟ್ಟಳು. ನಾನೂ ಹದಿನೈದೆಂದು ಬರೆದೆ. ಅತ್ತೆ ಸಾಲಿನಲ್ಲಿ ನಡೆದು ಬಂದು ನಮ್ಮ ಮುಂದೆ ನಿಂತಳು. ಎರಡು ಪಾಟಿ, ಎರಡರಲ್ಲೂ ಬರೀ ಹದಿನೈದು. ಕೂಡಿದ್ದಿಲ್ಲ, ಕಳೆದದ್ದಿಲ್ಲ.

"ಯಾರದು ಯಾರು ನೋಡಿ ಬರದ್ರಿ?"

ನಾನು ತಲೆ ತಗ್ಗಿಸಿದೆ. ಅತ್ತೆ ನನ್ನನ್ನು ನೋಡಿದಳು, ಆಮೇಲೆ ಸಾಯಬಮ್ಮನನ್ನು ನೋಡಿದಳು.

"ನಾ ಯಾರದೂ ನೋಡಿಲ್ರಿ" ಎಂದಳು ಸಾಯಬಮ್ಮ.

"ಮತ್ತ ಕೂಡಿದ್ದು ಎಲ್ಲ್ಯದ?"

"ಕೂಡೋದು ಬೇಕಾಗಿಲ್ರಿ."

ಈ ಮಾತು ಅತ್ತೆಗೆ ಎದುರುತ್ತರದಂತೆ ಕೇಳಿಸಿತು. ಕೋಲು ತಂದು ಅವಳ ಬಲಗೈಗೆ ನಾಲ್ಕು ಏಟು ಹಾಕಿದಳು. "ಕಳವು ಮಾಡೂದು, ಮ್ಯಾಲ ಎದುರ ಮಾತಾಡೂದು. ನಿಮ್ಮ ಮಂದಿಗೆ ಇದೇ ಚಾಳಿ" ಎಂದಳು. ಮೂವತ್ತು ಹುಡುಗಿಯರೂ ಕೇಳಿದರು. ನನ್ನ ಬಾಯಿಯಲ್ಲಿ ಮಾತಿತ್ತು, ಅದು ಹೊರಗೆ ಬರಲಿಲ್ಲ. ಸಾಯಬಮ್ಮ ಅಳಲಿಲ್ಲ. ಪಾಟಿಯನ್ನು ಗೋಡೆಗೆ ಒರಗಿಸಿಟ್ಟು, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ತನಿಖೆಯ ದಿನ ಬಾಯಿಸಾಹೇಬರು ತಕ್ಕಡಿ ನೋಡಿ ಮೆಚ್ಚಿದರು. ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸುವುದೇಕೆ ಎಂದು ಕೇಳಿದರಾದರೂ ಮುಖದಲ್ಲಿ ಸಿಟ್ಟಿರಲಿಲ್ಲ. ಹಲಗೆಯ ಮೇಲೆ ತಾವೇ ಒಂದು ಲೆಕ್ಕ ಬರೆದರು: ಇಪ್ಪತ್ತಾರಕ್ಕೆ ಮೂವತ್ತೈದು ಕೂಡಿದರೆ ಎಷ್ಟೋ, ಖಾಲಿ ಮನೆಗೆ ಮೂವತ್ನಾಲ್ಕು ಕೂಡಿದರೂ ಅಷ್ಟೇ. ಅತ್ತೆ ಹೆಮ್ಮೆಯಿಂದ ನನ್ನನ್ನು ಮುಂದೆ ಕರೆದಳು. ನಾನು ಇಪ್ಪತ್ತಾರು ಮೂವತ್ತೈದು ಕೂಡಿ, ಖಾಲಿ ಮನೆಯಲ್ಲಿ ಅರವತ್ತೊಂದೆಂದು ಬರೆದೆ.

ಬಾಯಿಸಾಹೇಬರು ನಕ್ಕು ಅದನ್ನು ಒರೆಸಿ ಇಪ್ಪತ್ತೇಳೆಂದು ಬರೆದರು. ಬೇರೆ ಹುಡುಗಿಯರು ಬೇರೆ ಲೆಕ್ಕಗಳನ್ನು ಸರಿಯಾಗಿ ಮಾಡಿದರು. ಅತ್ತೆಯ ನೌಕರಿ ಉಳಿಯಿತು. ಆದರೆ ನಾನು ಅರವತ್ತೊಂದು ಬರೆದ ಕೂಡಲೇ ಅವಳ ಮುಖ ಬಿಳಿಚಿದ್ದನ್ನು ನಾನು ನೋಡಿದ್ದೆ.

ಮನೆಗೆ ಬಂದ ಕೂಡಲೇ ಅವಳು ಪಡಸಾಲೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಅನ್ನಿ, ಅವತ್ತು ಹದಿನೈದು ಅಂತ ಮೊದಲು ಯಾರು ಬರದ್ರು?"

ನಾನು ಅಳುತ್ತ ಎಲ್ಲ ಹೇಳಿದೆ. ಅವತ್ತೊಂದೇ ದಿನವಲ್ಲ, ಎಷ್ಟೋ ದಿನದಿಂದ ನೋಡಿ ಬರೆಯುತ್ತಿದ್ದೇನೆ ಎಂದೂ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. "ನೀ ನಮ್ಮ ಮನಿ ಹುಡುಗಿ ಅಂತ ನಾ ನಿನ್ನ ಕೇಳಲೇ ಇಲ್ಲ" ಎಂದಳು. ನನಗೆ ಹೇಳಿದಂತಿರಲಿಲ್ಲ.

ಮರುದಿನ ಶುಕ್ರವಾರ, ಶಾಲೆಗೆ ರಜೆ. ಬೆಳಿಗ್ಗೆ ನನ್ನನ್ನು ಕರೆದುಕೊಂಡು ನದಿಗೆ ಹೊರಟಳು. ನೀರು ತಗ್ಗಿದ ಕಾಲ. ಮರಳ ಮೇಲೆ ತೆಪ್ಪಗಳನ್ನು ಬೋರಲು ಹಾಕಿದ್ದರು. ಮಾನಪ್ಪ ಬಲೆ ಹೊಲಿಯುತ್ತ ಕೂತಿದ್ದ. ಅವನ ಹೆಂಡತಿ ಮಲ್ಲಿಕಮ್ಮ ಒಲೆಯ ಮುಂದಿದ್ದಳು. ಸಾಯಬಮ್ಮ ಬಲೆಯ ಅಂಚಿಗೆ ಗುಂಡು ಕಟ್ಟುತ್ತಿದ್ದಳು. ಅತ್ತೆಯನ್ನು ಕಂಡು ಕೈ ನಿಲ್ಲಿಸಿದಳು, ಎದ್ದು ನಿಲ್ಲಲಿಲ್ಲ.

ಅತ್ತೆ ಅವಳ ಮುಂದೆ ಮರಳಿನ ಮೇಲೆ ಕೂತಳು. "ಸಾಯಬಮ್ಮ, ನೀ ಹೇಳಿದ್ದು ಖರೆ ಇತ್ತು. ನಾ ಅಂದಿದ್ದು ಸುಳ್ಳು. ನಿನ್ನ ಹೊಡದದ್ದು ನನ್ನ ತಪ್ಪು." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಹೇಳು."

"ನಾ ನಿಂದು ನೋಡಿ ಬರದಿದ್ದೆ" ಎಂದೆ.

"ಗೊತ್ತದ" ಎಂದಳು ಸಾಯಬಮ್ಮ.

ಮಾನಪ್ಪ ಗಾಬರಿಯಾಗಿ ಎದ್ದು ನಿಂತ. "ಅಕ್ಕೋರ, ನೀವು ಹಂಗೆಲ್ಲ ಅನ್ನಬಾರದ್ರಿ. ಕಲಸೋರು ಒಂದೇಟು ಹಾಕ್ತಾರ, ಅದಕ್ಕೇನ್ರಿ."

ಮಲ್ಲಿಕಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: "ಹೊಡದಿದ್ದಕ್ಕಲ್ಲರಿ ಅಕ್ಕೋರ. ಕಳ್ಳಿ ಅಂದ್ರಿ. ಮೂವತ್ತು ಹುಡುಗ್ಯಾರ ಮುಂದ ಅಂದ್ರಿ. ಇಲ್ಲಿ ಬಂದು ತಪ್ಪಾತು ಅಂದ್ರ ಅವರಿಗೆ ಹೆಂಗ ಕೇಳಸ್ತದ?"

ಅತ್ತೆ ಒಲೆಯ ಕಡೆ ತಿರುಗಿದಳು. "ಖರೆ ಅದವ್ವ. ನಾಳೆ ಅಲ್ಲೇ ಹೇಳ್ತೀನಿ" ಎಂದಳು. ಮತ್ತೆ ಸಾಯಬಮ್ಮನಿಗೆ ಕೇಳಿದಳು: "ಕೂಡೋದು ಬೇಕಾಗಿಲ್ಲ ಅಂದಿ. ಮತ್ತ ಹದಿನೈದು ಹೆಂಗ ಗೊತ್ತಾತು?"

ಸಾಯಬಮ್ಮ ಅವ್ವನ ಮುಖ ನೋಡಿದಳು. ಆಮೇಲೆ ನೀರಿನ ಕಡೆ ಕೈ ಮಾಡಿದಳು. "ಒಂದು ದಿಬ್ಬಣ ಬಂದದ ಅನ್ರಿ. ಮೊದಲಿನ ಸರ್ತಿ ಹದಿನಾಲ್ಕು ಮಂದಿ ದಾಟಿದ್ರು, ಎರಡನೇ ಸರ್ತಿ ಹತ್ತೊಂಬತ್ತು ಮಂದಿ. ಹೊಳ್ಳಿ ಬರುವಾಗ ಎರಡನೇ ತೆಪ್ಪದಾಗ ಹದಿನೆಂಟೇ ಮಂದಿ ಕುಂತ್ರು. ದಿಬ್ಬಣ ಅದೇ ಅಲ್ರಿ, ಮಂದಿ ಎಲ್ಲಿ ಹೋಗ್ತಾರ? ಅಲ್ಲಿ ಇಳದ ಒಬ್ಬ ಮೊದಲಿನ ತೆಪ್ಪದಾಗ ಕುಂತಾನ. ಅಷ್ಟೇರಿ. ಒಟ್ಟು ಎಷ್ಟು ಅಂತ ನನಗ್ಯಾಕ ಬೇಕು?"

ತಾನು ಮಕ್ಕಳಿಗೆ ಮುಟ್ಟಿಸಬೇಕೆಂದು ತಕ್ಕಡಿ ಕಟ್ಟಿ ಒದ್ದಾಡಿದ್ದು ಇದನ್ನೇ ಎಂದು ಅತ್ತೆಗೆ ಆಗ ತಿಳಿಯಿತಂತೆ. ಎರಡು ಕಡೆಯನ್ನೂ ಕೂಡದೆ, ಬರೀ ಅವುಗಳ ಸಂಬಂಧ ನೋಡಿ ಉತ್ತರ ಕಾಣುವುದು. ಅದು ಈ ಹುಡುಗಿಗೆ ತಾನಾಗಿ ಬಂದಿತ್ತು, ತಾನು ಅದಕ್ಕೆ ಕೋಲು ತೋರಿಸಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದಾಳೆ.

ಮಲ್ಲಿಕಮ್ಮ ತಂಬಿಗೆಯಲ್ಲಿ ನೀರು ತಂದು ದೂರ ಇಟ್ಟಳು. ನಮ್ಮವರು ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಅತ್ತೆ ಎದ್ದು ಹೋಗಿ ತಂಬಿಗೆ ಎತ್ತಿ ಕುಡಿದಳು.

ಮರುದಿನ ಶಾಲೆಯಲ್ಲಿ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಅವಳು ಆ ಮಾತು ಹೇಳಿದಳು. ಸಾಯಬಮ್ಮ ಕಳವು ಮಾಡಿರಲಿಲ್ಲ, ತಾನೇ ಕಣ್ಣು ಬಿಟ್ಟು ನೋಡಲಿಲ್ಲ ಎಂದಳು. ನನ್ನ ಹೆಸರು ತೆಗೆಯಲಿಲ್ಲ. ನಾನೇ ಎದ್ದು ನಿಂತು ಹೇಳಿದೆ. ಉಸ್ತಾನಿಬೀ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೋಲನ್ನು ಅವತ್ತೇ ಅತ್ತೆ ಮುರಿದು ಹಿತ್ತಲಿಗೆ ಎಸೆದಳು.

ಸಾಯಬಮ್ಮ ಮಾತ್ರ ಶಾಲೆಗೆ ಮತ್ತೆ ಬರಲಿಲ್ಲ. ಉಸ್ತಾನಿಬೀ ಹೋಗಿ ಕರೆದರು, ಮಾನಪ್ಪ ಕೂಡ ಹೇಳಿ ನೋಡಿದ. "ನಾ ಒಲ್ಲೆ" ಎಂಬ ಒಂದೇ ಮಾತು. ಆಗ ಅತ್ತೆ ಶುಕ್ರವಾರಗಳಂದು ತಾನೇ ನದಿಗೆ ಹೋಗತೊಡಗಿದಳು. ಮೊದಮೊದಲು ಸಾಯಬಮ್ಮ ಒಬ್ಬಳೇ, ಆಮೇಲೆ ದಂಡೆಯ ಏಳೆಂಟು ಮಕ್ಕಳು ಸುತ್ತ ಸೇರಿದರು. ಪಾಟಿ ಇಲ್ಲದವರು ಮರಳಿನ ಮೇಲೆ ಬೆರಳಿನಿಂದ ಬರೆದರು. ಅಲ್ಲಿ ಲೆಕ್ಕವೆಲ್ಲ ಬುಟ್ಟಿಯೊಳಗಿನ ಮೀನಿನದು. ಮುಚ್ಚಿದ ಬುಟ್ಟಿಯಲ್ಲಿ ಎಷ್ಟೋ ಇವೆ, ಇನ್ನೆರಡು ಹಾಕಿದರೆ ಒಂಬತ್ತಾಗುತ್ತವೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಅತ್ತೆ ಆ ಪದವನ್ನು ಮೊದಲು ದನಿ ತಗ್ಗಿಸಿ ಹೇಳುತ್ತಿದ್ದಳು, ಮಕ್ಕಳು ನಗುತ್ತಿದ್ದರು. ಉತ್ತರ ಸರಿಯಾಗಲಿ ತಪ್ಪಾಗಲಿ ಮೊದಲು ಕೇಳುತ್ತಿದ್ದದ್ದು "ಹೆಂಗ ಗೊತ್ತಾತು?" ಎಂದು. ಅಲ್ಲಿ ಕೇಳಿ ಕೇಳಿ ಅದೇ ರೂಢಿಯನ್ನು ಶಾಲೆಗೂ ತಂದಳು.

ಗಂಜಿನಲ್ಲಿ ಮಾತು ಹುಟ್ಟಿತು. ಅಪ್ಪ ಒಂದು ದಿನ ಕೇಳಿದ: "ಅವರ ಮನ್ಯಾಗ ನೀರು ಕುಡದ್ಯಂತ?"

"ಕುಡದೆ ಅಣ್ಣ."

"ಅಂಗಡಿಗೆ ಬರೋ ಮಂದಿ ನನಗ ಕೇಳಾಕತ್ಯಾರ."

"ಕೇಳಿದ್ರ ಹೌದು ಅನ್ನು."

ಅವ್ವ ಅವಳಿಗೆ ಹಿತ್ತಲಲ್ಲಿ ನೀರು ಕಾಸಿಡತೊಡಗಿದಳು. ಶುಕ್ರವಾರ ಬಂದ ಕೂಡಲೇ ಮೈ ತೊಳೆದು ಒಳಗೆ ಬರಬೇಕು. ಅತ್ತೆ ಅದಕ್ಕೆ ಎದುರಾಡಲಿಲ್ಲ. ಎರಡೂವರೆ ವರ್ಷ ಹಾಗೆಯೇ ನಡೆಯಿತು. ಸಾಯಬಮ್ಮ ಕನ್ನಡ ಓದಲು ಬರೆಯಲು ಕಲಿತಳು.

ಆಮೇಲೆ ಒಂದು ಬೇಸಿಗೆಯಲ್ಲಿ ನದಿ ದಂಡೆಗೆ ವಾಂತಿಭೇದಿ ಬಂತು. ಹೆಣ ಹೋಗುವುದು ಊರಿನಿಂದ ಕಾಣುತ್ತಿತ್ತು. ಅತ್ತೆ ಹೊರಡಲು ನಿಂತಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಮನ್ಯಾಗ ಸಣ್ಣ ಹುಡುಗ್ರು ಅದಾವ ಹಂಪಿ. ನಿನ್ನ ಕೈ ಮುಗೀತೀನಿ." ಅವಳು ತಲೆಯ ಮೇಲಿನ ಸೆರಗು ಇಳಿಸಿ ಒಳಗೆ ಹೋದಳು. ಹೀಗೆ ಮೂರು ಶುಕ್ರವಾರ ಹೋದವು. ನಾಲ್ಕನೆಯದಕ್ಕೆ ಅಪ್ಪ ತಡೆಯಲಿಲ್ಲ. ನಾವು ಹೋಗಿ ನೋಡಿದರೆ ಮಾನಪ್ಪನ ಗುಡಿಸಲಿನ ಮೇಲೆ ಹುಲ್ಲಿರಲಿಲ್ಲ, ಕಟ್ಟಿಗೆಯನ್ನೂ ಒಯ್ದಿದ್ದರು. ಮಲ್ಲಿಕಮ್ಮ, ಅವಳ ಕಿರಿಯ ಮಕ್ಕಳಿಬ್ಬರು ತೀರಿಹೋಗಿದ್ದರು. ಮಾನಪ್ಪ ಉಳಿದ ಮಗಳನ್ನು ಕರೆದುಕೊಂಡು ಕೃಷ್ಣೆಯ ಕಡೆ ಅಕ್ಕನ ಊರಿಗೆ ಹೋದನೆಂದು ಪಕ್ಕದವರು ಹೇಳಿದರು. ಯಾವ ಊರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆ ಒಲೆಯ ಮೂರು ಕಲ್ಲುಗಳ ಮುಂದೆ ಬಿಸಿಲಲ್ಲಿ ನಿಂತೇ ಇದ್ದಳು. ನಾನು ಕೈ ಎಳೆದ ಮೇಲೆ ಹೊರಟಳು.

ಎರಡು ವರ್ಷದ ಮೇಲೆ ರಂಗಂಪೇಟೆಯಲ್ಲಿ ಅಜ್ಜಿಗೆ ಹುಷಾರಿಲ್ಲವೆಂದು ಅತ್ತೆ ನನ್ನನ್ನು ಕರೆದುಕೊಂಡು ಹೊರಟಳು. ಶಹಾಪುರದಲ್ಲಿ ಮೋಟಾರು ನಿಂತಿತ್ತು. ಸಂತೆಯ ಬದಿಯಲ್ಲಿ ಹಗ್ಗದ ಸುರುಳಿ ಹೊತ್ತ ಒಬ್ಬ ಮನುಷ್ಯ ನಮ್ಮನ್ನೇ ನೋಡುತ್ತ ಬಂದ. ಮಾನಪ್ಪ. ತಲೆ ಪೂರಾ ಬೆಳ್ಳಗಾಗಿತ್ತು.

"ಸಾಯಬಮ್ಮ?" ಎಂದಳು ಅತ್ತೆ.

"ಚಲೋ ಅದಾಳ್ರಿ. ಸುರಪುರದ ಆಚಿ, ಹೊಳಿ ದಂಡಿಗೆ ಕೊಟ್ಟೀನ್ರಿ. ಅವರದೂ ತೆಪ್ಪದ ಕೆಲಸ. ಯಾರನ್ನ ಎಲ್ಲಿ ಕುಂದ್ರಸಬೇಕು ಅಂತ ಎಲ್ಲಾ ಆಕಿನೇ ಹೇಳ್ತಾಳಂತ."

"ನನ್ನ ನೆನಸ್ತಾಳೇನು?"

ಮಾನಪ್ಪ ಹಗ್ಗದ ಸುರುಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ನೆನಸ್ತಾಳ್ರಿ. ಅಕ್ಕೋರು ಹೊಡದ ಕೈ ಇನ್ನೂ ಉರೀತದ ಅಂತ ನಗತಾಳ್ರಿ."

ಮೋಟಾರಿನವನು ಕೂಗಿದ. ನಾವು ಹತ್ತಿದೆವು. ರಂಗಂಪೇಟೆಯಲ್ಲಿ ಹದಿನೈದು ದಿನ ಇದ್ದೆವು, ಅಜ್ಜಿ ಚೇತರಿಸಿಕೊಂಡಳು. ಅಲ್ಲಿಂದ ಕೃಷ್ಣೆಯ ದಂಡೆಗೆ ಗಾಡಿ ಕಟ್ಟಿದರೆ ಅರ್ಧ ದಿನದ ದಾರಿ. ಹೋಗೋಣವೇ ಎಂದು ನಾನೇ ಕೇಳಿದೆ. ಅತ್ತೆ ಬೇಡವೆಂದಳು.

"ಮಾಫಿ ಕೇಳಿದ್ರ ಆಕಿ ಹೂಂ ಅಂತಾಳ, ಅತ್ತಿ."

"ಅದಕ್ಕೇ ಬ್ಯಾಡ. ಮನಿತನಕ ಹೋಗಿ ನಿಂತ್ರ ಆಕಿ ಹೂಂ ಅನ್ನಲೇಬೇಕಾಗ್ತದ. ನನ್ನ ಸಲುವಾಗಿ ಆಕಿಗೆ ಯಾಕ ಆ ತ್ರಾಸು?"

ಈ ಮಾತು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ನಾನಾಗಿದ್ದರೆ ಹೋಗುತ್ತಿದ್ದೆ ಎನಿಸುತ್ತದೆ. ಆದರೆ ಏಟು ಹಾಕಿದವಳು ನಾನಲ್ಲ, ಬಾಯಿ ಮುಚ್ಚಿಕೊಂಡು ಕೂತವಳು.

ನಿಜಾಮರ ಆಳಿಕೆಯ ಕೊನೆಯ ವರ್ಷ ಯಾದಗಿರಿಯಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಅಂಜಿಕೆ. ಹೆಣ್ಣುಮಕ್ಕಳನ್ನು ಯಾರೂ ಹೊರಗೆ ಬಿಡುತ್ತಿರಲಿಲ್ಲ. ಶಾಲೆಗೆ ಮೊದಲು ಹತ್ತು ಮಂದಿ ಬರುತ್ತಿದ್ದರು, ಆಮೇಲೆ ನಾಲ್ಕು, ಕೊನೆಗೆ ಅತ್ತೆ ಮತ್ತು ಅವಳಿಗೆ ನೆರವಾಗಿ ಹೋಗುತ್ತಿದ್ದ ನಾನು. ಉಸ್ತಾನಿಬೀಯ ಅಣ್ಣ ಮೈನುದ್ದೀನ ಹೈದರಾಬಾದಿನಿಂದ ಬಂದು ಅವರನ್ನು ಕರೆದೊಯ್ಯಲು ನಿಂತರು. ಬೆಳಗಿನ ಗಾಡಿಗೆ ನಾವು ಸ್ಟೇಷನ್ನಿಗೆ ಹೋದೆವು. ಅಪ್ಪನೂ ಬಂದ. ಒಂದು ಚೀಲ ಜೋಳ ತಂದು ಗಾಡಿಯೊಳಗೆ ಇಟ್ಟು ದೂರ ನಿಂತ.

ಉಸ್ತಾನಿಬೀ ಬುರುಖಾದೊಳಗಿನಿಂದ ಶಾಲೆಯ ಬೀಗದ ಕೈ ಮತ್ತು ಹಾಜರಿ ಪುಸ್ತಕ ತೆಗೆದು ಅತ್ತೆಗೆ ಕೊಟ್ಟರು. "ಹಂಪಮ್ಮ, ಯಾವ ಸರಕಾರ ಬರತದೋ ನನಗ ಗೊತ್ತಿಲ್ಲ. ಹುಡುಗ್ಯಾರು ಬರತಾರ. ಬಾಗಲಾ ತೆಗೆದಿಡು."

"ನೀವು ಹೊಳ್ಳಿ ಬರ್ರಿ" ಎಂದಳು ಅತ್ತೆ.

ಅವರು ಬರಲಿಲ್ಲ. ಕಲಬುರ್ಗಿಗೂ ಹೋಗಲಿಲ್ಲವೆಂದು ಕೇಳಿದೆವು. ಒಂದೆರಡು ಕಾಗದ ಬಂದವು, ಆಮೇಲೆ ಅವೂ ನಿಂತವು.

ಮಳೆಗಾಲ ಮುಗಿಯುವ ಹೊತ್ತಿಗೆ ಆಳಿಕೆ ಬದಲಾಯಿತು. ಶಾಲೆ ತೆರೆಯಿರಿ ಎಂದು ಯಾರೂ ಹೇಳಿ ಕಳಿಸಿರಲಿಲ್ಲ. ಸಂಬಳ ಯಾರು ಕೊಡುತ್ತಾರೆಂದೂ ಗೊತ್ತಿರಲಿಲ್ಲ. ಒಂದು ಸೋಮವಾರ ಅತ್ತೆ ಬೀಗ ತೆಗೆದು, ಎರಡೂ ಕೋಣೆ ಗುಡಿಸಿ, ಹಲಗೆ ಒರೆಸಿ ಕೂತಳು. ಹನ್ನೊಂದು ಹುಡುಗಿಯರು ಬಂದರು. ಅವಳು ಹಾಜರಿ ಪುಸ್ತಕ ಬಿಚ್ಚಿ, ಉಸ್ತಾನಿಬೀ ಬರೆದಿದ್ದ ಉರ್ದು ಸಾಲುಗಳ ಕೆಳಗೆ ಒಂದು ಗೆರೆ ಎಳೆದಳು. ಆಮೇಲೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ಹೆಸರು ಕೇಳಿ ಕನ್ನಡದಲ್ಲಿ ಬರೆದುಕೊಂಡಳು.